ಬಯಲೂಟಕ್ಕೆ ಊರಲ್ಲೊಂದು ಜಾಗ

2022ರ ಸೆಪ್ಟೆಂಬರ್ ಆರಂಭದಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹಿರಿಯೂರು ಕಡೆಯ ಆಟೊ, ಬೈಕು, ಟ್ರ್ಯಾಕ್ಟರ್ ಎಲ್ಲವೂ ಅಣೆಕಟ್ಟಿರುವ ಮಾರಿಕಣಿವೆಯ ದಾರಿ ಹಿಡಿದವು. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ಈ ಅಣೆಕಟ್ಟು ಅದಕ್ಕೆ ಮೊದಲು ತುಂಬಿ ಹರಿದಿದ್ದು 1933ರಲ್ಲಿ. ನಡುವೆ ಬರೋಬ್ಬರಿ 89 ವರ್ಷ. ಅಜ್ಜ-ಅಜ್ಜಿಯರ ಬಾಯಲ್ಲಿ ಕೇಳಿದ್ದನ್ನು ಕಣ್ಣಾರೆ ಕಾಣುವ ಭಾಗ್ಯವನ್ನು ಯಾರು ತಾನೇ ಬಿಟ್ಟಾರು? 2025ರ ಜನವರಿಯಲ್ಲಿ ಮತ್ತೆ ತುಂಬಿತು, ಮತ್ತೆ ಜನ ಹೋದರು. ಆದರೆ ನೀರನ್ನು ಎಷ್ಟು ಹೊತ್ತು ನೋಡಿಕೊಂಡು ನಿಲ್ಲುವುದು? ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಕ್ಕಳಿಗೆ ಹಸಿವು, ದೊಡ್ಡವರಿಗೆ ಕಾಫಿಯ ನೆನಪು. ಬುತ್ತಿ ಕಟ್ಟಿಕೊಂಡು ಹೋದವರು ಮರದ ಬುಡ ಹುಡುಕಿ ಕೂತರು. ಬರಿಗೈಲಿ ಹೋದವರು ಮಂಡಕ್ಕಿ ಗಾಡಿಯ ಮುಂದೆ ನಿಂತೇ ತಿಂದರು.

ನಿಂತು ತಿನ್ನುವ ಈ ಪಾಡು ಅಣೆಕಟ್ಟಿನ ದಂಡೆಗೆ ಮಾತ್ರ ಸೀಮಿತವಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ಊರುಗಳಲ್ಲಿ ಸಂಜೆ ಇಳಿದ ಮೇಲೆ ಮನೆಮಂದಿಯೆಲ್ಲ ಹೊರಟು, ಬಯಲ ಗಾಳಿಗೆ ಮೈಯೊಡ್ಡಿ ಕೂತು ಉಂಡು ಬರೋಣವೆಂದರೆ ಹೋಗುವುದೆಲ್ಲಿಗೆ ಎಂಬುದೇ ಮೊದಲ ಚರ್ಚೆಯಾಗುತ್ತದೆ. ತಿನ್ನಲು ಏನೂ ಸಿಗುವುದಿಲ್ಲವೆಂದಲ್ಲ, ಬೇಕಾದಷ್ಟು ಸಿಗುತ್ತದೆ. ಕೂರಲು ಜಾಗವಿಲ್ಲ, ಅಷ್ಟೇ.

ಕುಡಿಯುವ ನೀರಿಗೇ ತತ್ವಾರವಿದ್ದ ಜಿಲ್ಲೆಯಲ್ಲಿ ಬಯಲೂಟದ ಚಿಂತೆಯೇ ಎಂದು ಯಾರಾದರೂ ಮೂಗು ಮುರಿಯಬಹುದು. ಆದರೆ ಊರು ಯಾರದು ಎಂಬುದನ್ನು ತಿಳಿಯಲು ರಾತ್ರಿ ಎಂಟು ಗಂಟೆಗೆ ಅಲ್ಲಿ ಯಾರು ನಿರಾಳವಾಗಿ ಕೂತಿದ್ದಾರೆ ಎಂದು ನೋಡಿದರೆ ಸಾಕು. ಬಸ್ ನಿಲ್ದಾಣದ ಸುತ್ತ, ಗೂಡಂಗಡಿಗಳ ಮುಂದೆ, ಬೀಡಾ ಅಂಗಡಿಯ ಪಕ್ಕದಲ್ಲಿ ಕಾಣುವವರಲ್ಲಿ ಗಂಡಸರೇ ಹೆಚ್ಚು. ಹೆಂಗಸರು, ಮಕ್ಕಳು, ವಯಸ್ಸಾದವರು ಆ ಹೊತ್ತಿಗೆ ಒಳಗಿರುತ್ತಾರೆ. ಅವರು ಹೊರಗೆ ಬರಲೊಲ್ಲರು ಎಂದಲ್ಲ, ಬಂದರೆ ಕೂರಲು ಎಡೆಯಿಲ್ಲ.

ಹಾಗೆ ನೋಡಿದರೆ ಹೊರಗೆ ಕೂತು ಉಣ್ಣುವುದು ಈ ಸೀಮೆಗೆ ಪಟ್ಟಣದಿಂದ ಬಂದ ಶೋಕಿಯಲ್ಲ. ಸೀಗೆ ಹುಣ್ಣಿಮೆಯಲ್ಲಿ ಹೊಲಕ್ಕೆ ಹೋಗಿ ಪೂಜೆ ಮುಗಿಸಿ ಬದುವಿನ ಮೇಲೆ ಎಲೆ ಹಾಕುವುದು ರೈತರ ಮನೆಗಳ ರೂಢಿ. ಹರಿಸೇವೆ ಎಂದರೆ ಬಯಲಲ್ಲೇ ಒಲೆ ಹೂಡಿ ನಂಟರಿಷ್ಟರಿಗೆಲ್ಲ ಬಡಿಸುವ ದೊಡ್ಡ ಊಟ. ಮಾಳಿಗೆ ಮನೆಗಳ ಓಣಿಯಲ್ಲಿ ಬೆಳದಿಂಗಳೂಟವೆಂದರೆ ಒಬ್ಬರ ಮನೆಯ ಹೋಳಿಗೆ, ಇನ್ನೊಬ್ಬರ ಮನೆಯ ಚಿತ್ರಾನ್ನ, ಮತ್ತೊಬ್ಬರ ರೊಟ್ಟಿ-ಎಣಗಾಯಿ ಎಲ್ಲವೂ ಮಾಳಿಗೆ ಹತ್ತಿ ಸೇರುತ್ತಿದ್ದ ರಾತ್ರಿ. ಸಿರಿಗೆರೆಯ ತರಳಬಾಳು ಮಠ 1950ರಲ್ಲಿ ಜಗಳೂರಿನಲ್ಲಿ ಆರಂಭಿಸಿದ ತರಳಬಾಳು ಹುಣ್ಣಿಮೆ ಮಹೋತ್ಸವ ಊರಿಂದೂರಿಗೆ ತಿರುಗುತ್ತ ಇಂದಿಗೂ ನಡೆಯುತ್ತಿದೆ. 2025ರಲ್ಲಿ ಅದು ಚಿತ್ರದುರ್ಗ ತಾಲ್ಲೂಕಿನ ಭರಮಸಾಗರಕ್ಕೆ ಬಂದಿತ್ತು. ಭರತ ಹುಣ್ಣಿಮೆಯವರೆಗೆ ಒಂಬತ್ತು ದಿನ ಸಾವಿರಾರು ಜನ ಸಾಲಾಗಿ ಕೂತು ಉಣ್ಣುವ ಆ ದಾಸೋಹಕ್ಕಿಂತ ದೊಡ್ಡ ಬಯಲೂಟ ಬೇರೆಲ್ಲಿದೆ? ಅಷ್ಟೇಕೆ, ಹೊಳಲ್ಕೆರೆಯ ಗಣಪನೇ ಬಯಲು ಗಣಪ! ಬಯಲಲ್ಲಿ ಕೂತು ನೈವೇದ್ಯ ಪಡೆಯುವುದರಲ್ಲಿ ಅವನಿಗೇ ಸಂಕೋಚವಿಲ್ಲದಿರುವಾಗ ಊರಿನವರಿಗೇಕೆ?

ಹಬ್ಬ, ಜಾತ್ರೆ, ಮಠದ ಊಟ ವರ್ಷಕ್ಕೆ ಕೆಲವು ದಿನ. ಉಳಿದ ದಿನಗಳಿಗೆ ಹೋಟೆಲೇ ಗತಿ. ಇಲ್ಲಿನ ಹೋಟೆಲುಗಳ ಕಥೆ ಬಹುಮಟ್ಟಿಗೆ ಹೆದ್ದಾರಿಯ ಕಥೆಯೂ ಹೌದು. ಪುಣೆ-ಬೆಂಗಳೂರು ರಸ್ತೆ ಹಿಂದೆ ಹಿರಿಯೂರು, ಚಿತ್ರದುರ್ಗಗಳ ಒಳಗೇ ಹಾದು ಹೋಗುತ್ತಿತ್ತು. ಲಾರಿಯವರು, ಬಸ್ಸಿನವರು, ಊರಿನವರು ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು. ಸುವರ್ಣ ಚತುಷ್ಪಥ ಯೋಜನೆಯ ಮುಂಬೈ-ಚೆನ್ನೈ ಭಾಗದಲ್ಲಿ ಈ ರಸ್ತೆ ಅಗಲವಾಯಿತು, ಬೈಪಾಸ್ ಬಂತು, ಹೆದ್ದಾರಿ 4 ಎಂಬ ಹಳೆಯ ಸಂಖ್ಯೆ ಹೋಗಿ 48 ಆಯಿತು. ರಸ್ತೆ ಹೋದ ಕಡೆಗೇ ದುಡ್ಡೂ ಹೋಯಿತು. ಹುಲ್ಲುಹಾಸು, ಉಯ್ಯಾಲೆ, ಬಣ್ಣದ ದೀಪ, ಕಾರು ನಿಲ್ಲಿಸಲು ವಿಶಾಲ ಜಾಗ ಇರುವ ಹೋಟೆಲುಗಳು ಈಗ ಬೈಪಾಸಿನಲ್ಲಿವೆ. ಅವುಗಳ ಕಣ್ಣು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಕಾರಿನ ಮೇಲಿದೆ. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರ ಇರುವುದೇ ಹಾಗೆ. ಆದರೆ ಊರೊಳಗಿನ ಕುಟುಂಬಕ್ಕೆ ಆ ಹುಲ್ಲುಹಾಸು ದೂರ. ಸ್ಕೂಟರಿನ ಮುಂದೊಂದು ಮಗು, ಹಿಂದೆ ಹೆಂಡತಿ, ನಡುವೆ ಇನ್ನೊಂದು ಮಗುವನ್ನು ಕೂರಿಸಿಕೊಂಡು ರಾತ್ರಿ ಹೊತ್ತು ಲಾರಿಗಳ ನಡುವೆ ಹೆದ್ದಾರಿಗೆ ಇಳಿಯಲು ಯಾವ ಅಪ್ಪನಿಗೆ ಧೈರ್ಯ ಬರುತ್ತದೆ? ಬರಬಾರದು ಕೂಡ.

ಊರೊಳಗೆ ಉಳಿದಿರುವುದು ಎರಡು ಬಗೆ. ಒಂದು, ದರ್ಶಿನಿ ಮಾದರಿಯ ಉಪಾಹಾರ ಮಂದಿರ: ಬೆಳಿಗ್ಗೆಯ ಇಡ್ಲಿ, ದೋಸೆಗೆ ಪ್ರಶಸ್ತ. ರಾತ್ರಿ ಎಂಟಕ್ಕೆ ಹೋದರೆ ಕುರ್ಚಿಗಳು ಮೇಜಿನ ಮೇಲೇರಿ ನೆಲ ಒರೆಸುವ ಕೆಲಸ ಶುರುವಾಗಿರುತ್ತದೆ. ಇನ್ನೊಂದು, ಬಾರ್ ಅಂಡ್ ರೆಸ್ಟೋರೆಂಟ್. ಮರ, ಗಿಡ, ಗುಡಿಸಲು, ತೆರೆದ ಆಕಾಶ ಎಲ್ಲವೂ ಇಲ್ಲಿದೆ. ಆದರೆ ಆ ತೆರೆದ ಜಾಗ ಕುಡಿಯುವವರಿಗೆ ಮೀಸಲು. ಹೆಂಡತಿ ಮಕ್ಕಳೊಂದಿಗೆ ಬಂದವರನ್ನು ಕಂಡ ಕೂಡಲೇ ಸಪ್ಲೈಯರ್ ಓಡಿ ಬಂದು, "ಫ್ಯಾಮಿಲಿನಾ ಸಾರ್? ಒಳಗಡೆ ಬನ್ರಿ" ಎಂದು ಪರದೆ ಎಳೆದ ಕೋಣೆಯೊಂದಕ್ಕೆ ಕರೆದೊಯ್ಯುತ್ತಾನೆ. ಒಳಗೆ ಗೋಡೆ ಫ್ಯಾನು, ಟ್ಯೂಬ್‌ಲೈಟು, ಕಿಟಕಿಯಿಲ್ಲದ ಸೆಖೆ. ಗಾಳಿಗಾಗಿ ಹೊರಟವರು ಗಾಳಿಯಿಲ್ಲದ ಕೋಣೆಯಲ್ಲಿ ಕೂತು ಉಂಡು ಬರುತ್ತಾರೆ. ಪಾಪ, ಸಪ್ಲೈಯರ್ ಮಾಡುವುದು ಮರ್ಯಾದೆಗೇ. ಹೊರಗಿನ ತಂಪು ಗಂಡಸರಿಗೆ, ಒಳಗಿನ ಸೆಖೆ ಕುಟುಂಬಕ್ಕೆ ಎಂಬ ಹಂಚಿಕೆಯನ್ನು ಯಾರೂ ಕೂತು ಬರೆದದ್ದಲ್ಲ. ಆದರೆ ಎಲ್ಲರೂ ಪಾಲಿಸುತ್ತಾರೆ.

ಮದ್ಯದಂಗಡಿಗಳ ಬಗ್ಗೆ ದೇಶದಲ್ಲಿ ಚರ್ಚೆಯಾಗಿಲ್ಲವೆಂದಲ್ಲ. ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದು 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೇಳಿತು. 2017ರ ಮಾರ್ಚ್ ಕೊನೆಯಲ್ಲಿ, 20 ಸಾವಿರದವರೆಗೆ ಜನಸಂಖ್ಯೆಯಿರುವ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಈ ಅಂತರವನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷ ಜುಲೈನಲ್ಲಿ, ನಗರ ಪ್ರದೇಶದೊಳಗಿನ ಅಂಗಡಿಗಳಿಗೆ ಈ ನಿರ್ಬಂಧ ಅಡ್ಡಿಯಾಗದು ಎಂಬ ಸ್ಪಷ್ಟನೆಯೂ ಬಂತು. ಕುಡಿಯುವವರು ಎಲ್ಲಿ ಕೂರಬೇಕು ಎಂಬುದನ್ನು ದೇಶವೇ ಮೀಟರ್ ಹಿಡಿದು ಅಳೆಯಿತು. ಕುಡಿಯದೆ ಕೇವಲ ಉಣ್ಣಲು ಬಂದವರು ಎಲ್ಲಿ ಕೂರಬೇಕು ಎಂದು ಕೇಳಿದವರಿಲ್ಲ.

ಕೂತ ಮೇಲಾದರೂ ಊಟ ಹೇಗಿರುತ್ತದೆ? ಹೊಳಲ್ಕೆರೆಯದೋ ಹೊಸದುರ್ಗದ್ದೋ ಒಂದು ಮನೆ ಎಂದುಕೊಳ್ಳಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಶನಿವಾರ ಊರಿಗೆ ಬಂದಿದ್ದಾನೆ. ಎಲ್ಲರನ್ನೂ ಹೊರಗೆ ಊಟಕ್ಕೆ ಕರೆದುಕೊಂಡು ಹೋಗುವ ಹುಮ್ಮಸ್ಸು ಅವನದು. ಮೆನು ಕಾರ್ಡ್ ಕೈಗೆ ಬಂದ ಕೂಡಲೇ ಮಕ್ಕಳ ಬಾಯಲ್ಲಿ ಒಂದೇ ಹೆಸರು, ಗೋಬಿ ಮಂಚೂರಿ. ಸೊಸೆ ಜೀರಾ ರೈಸ್ ಎನ್ನುತ್ತಾಳೆ. ಅಜ್ಜಿಯ ಸರದಿ ಬಂದಾಗ ಆಕೆ ಮೆಲ್ಲಗೆ ಕೇಳುತ್ತಾಳೆ:

"ಮುದ್ದೆ ಇಲ್ವೇನಪ್ಪಾ?"

"ಇಲ್ಲ ಅಜ್ಜೀ, ಮಧ್ಯಾಹ್ನ ಮಾತ್ರ. ಮೆತ್ತಗಿರೋ ಬಟರ್ ನಾನ್ ಕೊಡ್ಲಾ?"

ಅಜ್ಜಿ ಮೊಸರನ್ನಕ್ಕೆ ಒಪ್ಪಿಕೊಳ್ಳುತ್ತಾಳೆ. ಸುತ್ತಮುತ್ತಲ ಹೊಲಗಳಲ್ಲಿ ರಾಗಿ ಬೆಳೆಯುವ ಊರಿನಲ್ಲಿ ರಾತ್ರಿ ಏಳರ ಮೇಲೆ ಮುದ್ದೆ ಸಿಗದು, ಪನೀರ್ ಬಟರ್ ಮಸಾಲಾ ಸಿಗುತ್ತದೆ. ಹೊಸದುರ್ಗ ತಾಲ್ಲೂಕು ಸಾವೆಗೆ ಹೆಸರಾದದ್ದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಭಾಷಣಗಳಿಗೆ ಕೊರತೆಯಿರಲಿಲ್ಲ. ಆ ಭಾಷಣಗಳ ನಂತರವೂ ಊರಿನ ಹೋಟೆಲಿಗೆ ಹೋಗಿ ಸಾವೆ ಅನ್ನ ಕೇಳಿದರೆ ಸಪ್ಲೈಯರ್ ಮುಖ ನೋಡುತ್ತಾನೆ. ಚಳ್ಳಕೆರೆ ಸೀಮೆಯ ಶೇಂಗಾ, ಹಿರಿಯೂರು ಸೀಮೆಯ ಈರುಳ್ಳಿ, ಹೊಸದುರ್ಗದ ತೆಂಗು, ಅಣೆಕಟ್ಟಿನ ಮೀನು ಕೈಗೆಟಕುವಷ್ಟು ಹತ್ತಿರವಿದ್ದೂ ಮೆನು ಕಾರ್ಡ್ ಮಾತ್ರ ಲೂಧಿಯಾನದ್ದು. ಹೋಟೆಲಿನವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಮನೆಯಲ್ಲಿ ದಿನಾ ತಿನ್ನುವುದಕ್ಕೆ ಇಲ್ಲಿ ಬಂದೂ ದುಡ್ಡು ಕೊಡಬೇಕೆ ಎಂಬ ಗಿರಾಕಿಯ ಲೆಕ್ಕವೂ ಇದರ ಹಿಂದಿದೆ. ಆದರೆ ಅಜ್ಜಿಯನ್ನು ಕರೆದುಕೊಂಡು ಹೋದ ಮೇಲೆ ಅಜ್ಜಿ ಉಣ್ಣುವುದೂ ಇರಬೇಕಲ್ಲ.

ಮಕ್ಕಳ ಗೋಬಿಯ ವಿಚಾರ ಬೇರೆಯೇ ಇದೆ. ಅದರ ಕೆಂಪು ಬಣ್ಣದ ಗುಟ್ಟು 2024ರ ಮಾರ್ಚ್‌ನಲ್ಲಿ ಬಯಲಾಯಿತು. ರಾಜ್ಯದಲ್ಲಿ ಸಂಗ್ರಹಿಸಿದ 171 ಗೋಬಿ ಮಾದರಿಗಳಲ್ಲಿ 107 ಸುರಕ್ಷಿತವಲ್ಲ ಎಂದು ಪರೀಕ್ಷೆಯಲ್ಲಿ ಕಂಡುಬಂದು, ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ಸರ್ಕಾರ ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಈ ನಿಷೇಧ ಬಂತು. ಆದೇಶ ಹೊರಡಿಸುವುದು ಸುಲಭ. ತಾಲ್ಲೂಕು ಕೇಂದ್ರದ ತಳ್ಳುಗಾಡಿಯ ಬಾಣಲೆಯವರೆಗೆ ಅದು ತಲುಪಬೇಕಾದರೆ ಆ ಗಾಡಿ ನಾಳೆಯೂ ಅದೇ ಜಾಗದಲ್ಲಿ ಇರಬೇಕು. ಇಂದು ಇಲ್ಲಿಂದ ಎಬ್ಬಿಸಿ ನಾಳೆ ಅಲ್ಲಿಂದ ಓಡಿಸುವ ಗಾಡಿಯನ್ನು ಯಾವ ಆಹಾರ ಸುರಕ್ಷತಾ ಅಧಿಕಾರಿ ಎಲ್ಲಿ ಹೋಗಿ ಪರೀಕ್ಷಿಸಬೇಕು? ಜಾಗ ಖಾತ್ರಿಯಿಲ್ಲದವನು ಒಳ್ಳೆಯ ಎಣ್ಣೆ, ಒಳ್ಳೆಯ ನೀರು, ಮುಚ್ಚಿದ ಡಬ್ಬಿ ಎಂದೆಲ್ಲ ಬಂಡವಾಳ ಹಾಕುವುದೂ ಇಲ್ಲ. ಶುಚಿತ್ವ ಬೇಕೆನ್ನುವವರು ಮೊದಲು ಜಾಗ ಕೊಡಬೇಕು.

ಕಾನೂನು ಇದನ್ನು ಹತ್ತು ವರ್ಷಗಳ ಹಿಂದೆಯೇ ಹೇಳಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳೇ ಆಗಿರಬೇಕು, ಆ ವ್ಯಾಪಾರಿ ಸದಸ್ಯರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಯಬೇಕು, ವ್ಯಾಪಾರದ ವಲಯಗಳನ್ನು ಗುರುತಿಸಬೇಕು. 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆಯಡಿ ಮೊದಲ ಕಂತಿನಲ್ಲಿ 10 ಸಾವಿರ ರೂಪಾಯಿ ಸಾಲವೂ ಸಿಕ್ಕಿತು. ಸಾಲ ಕೊಟ್ಟ ಸರ್ಕಾರ ಗಾಡಿ ನಿಲ್ಲಿಸಲು ನೆಲ ಕೊಟ್ಟಿತೇ ಎಂಬುದನ್ನು ಪ್ರತಿ ಊರಿನವರೂ ತಮ್ಮ ತಮ್ಮ ಬೀದಿ ನೋಡಿ ಹೇಳಬಹುದು. ದೇಶದಲ್ಲಿ 100 ಆಹಾರ ಬೀದಿಗಳನ್ನು ಒಂದೊಂದಕ್ಕೆ 1 ಕೋಟಿ ರೂಪಾಯಿಯಂತೆ ಅಭಿವೃದ್ಧಿಪಡಿಸುವುದಾಗಿ ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಪ್ರಕಟಿಸಿತ್ತು. ಕೋಟಿ ರೂಪಾಯಿಯ ಬೀದಿ ಹೊಳಲ್ಕೆರೆಗೆ ಬೇಕಾಗಿಲ್ಲ. ಇಪ್ಪತ್ತು ಗಾಡಿ ನಿಲ್ಲುವಷ್ಟು ಗಟ್ಟಿ ನೆಲ, ಒಂದು ನಲ್ಲಿ, ಚರಂಡಿ, ಸಿಮೆಂಟಿನ ಬೆಂಚು, ಬೆಳಕು, ಶೌಚಾಲಯ ಇದ್ದರೆ ಧಾರಾಳವಾಯಿತು.

ಶೌಚಾಲಯವನ್ನು ಪಟ್ಟಿಯ ಕೊನೆಗೆ ಹಾಕಿ ಮರೆತುಬಿಡುವುದು ನಮ್ಮ ಊರುಗಳ ಹಳೆಯ ಚಾಳಿ. ಹೆಂಗಸರು ಹೊರಗೆ ಹೋಗುವ ಮುನ್ನ ಲೆಕ್ಕ ಹಾಕುವುದು ಮೊದಲು ಅದನ್ನೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಓಡಾಟ ಎಷ್ಟು ಹೆಚ್ಚಿತು ಎಂಬುದನ್ನು ಕಂಡಕ್ಟರುಗಳು ಹೇಳುತ್ತಾರೆ. ಅಕ್ಕತಂಗಿಯರು, ಓರಗಿತ್ತಿಯರು, ಸ್ವಸಹಾಯ ಸಂಘದ ಗೆಳತಿಯರು ಸೇರಿ ಬಂದು ಚಿತ್ರದುರ್ಗದ ಏಳುಸುತ್ತಿನ ಕೋಟೆ ನೋಡುತ್ತಾರೆ, ಚಂದ್ರವಳ್ಳಿಗೆ ಹೋಗುತ್ತಾರೆ. ಬಸ್ಸಿನ ಟಿಕೆಟ್ ದುಡ್ಡು ಉಳಿದಿದೆ, ಊಟಕ್ಕೆ ಖರ್ಚು ಮಾಡುವ ಮನಸ್ಸೂ ಇದೆ. ಸಂಜೆ ಕೋಟೆಯ ಬಾಗಿಲು ಮುಚ್ಚಿದ ಮೇಲೆ ಬಸ್ ಹೊರಡುವವರೆಗೆ ಅವರು ಕೂರುವುದೆಲ್ಲಿ? ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಬ್ಯಾಗಿನಲ್ಲಿ ತಂದ ಚಕ್ಕುಲಿಯೊಂದಿಗೆ. ಗಿರಾಕಿ ಊರ ಬಾಗಿಲಿಗೆ ಬಂದು ನಿಂತಿದ್ದಾಳೆ, ಊರು ಇನ್ನೂ ಬಾಗಿಲು ತೆಗೆದಿಲ್ಲ.

ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಮರೆತು ಹಳೆಯ ಬಯಲೂಟದ ಹಂಬಲದಲ್ಲಿ ಮುಳುಗುವುದು ಸರಿಯಲ್ಲ. ಹಬ್ಬದ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕೂತರು ಎನ್ನುವಾಗ ಆ 'ಎಲ್ಲರೂ' ಯಾರು ಎಂದು ಕೇಳಬೇಕಾಗುತ್ತದೆ. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು. ಹಳ್ಳಿಯ ಹೋಟೆಲಿನಲ್ಲಿ ಬೇರೆ ಲೋಟ, ಹೊರಗಿನ ಕಟ್ಟೆಯ ಮೇಲೆ ಬೇರೆ ಜಾಗ ಎಂಬುದು ಅವರಲ್ಲಿ ಹಲವರಿಗೆ ಪುಸ್ತಕದಲ್ಲಿ ಓದಿದ ಸಂಗತಿಯಲ್ಲ, ಉಂಡ ಅನುಭವ. ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಟ್ಟೇ ಹೇಳುತ್ತದೆ. ಜಾತಿಯ ಕಾರಣಕ್ಕೆ ಅಲ್ಲಿಗೆ ಯಾರ ಪ್ರವೇಶವನ್ನೂ ತಡೆಯುವಂತಿಲ್ಲ. ಅಂಥ ದೊಡ್ಡ ಪುಸ್ತಕದಲ್ಲಿ ಹೋಟೆಲಿನ ಹೆಸರು ಬರಬೇಕಾಯಿತೆಂದರೆ ಅದಕ್ಕೆ ಕಾರಣ ಇತ್ತು. ಓಣಿಯ ಬೆಳದಿಂಗಳೂಟಕ್ಕೆ ಆ ಓಣಿಯವರಿಗಷ್ಟೇ ಕರೆ. ಊರ ನಡುವಿನ ಸಾರ್ವಜನಿಕ ಬಯಲಲ್ಲಿ ಹಾಕಿದ ಮೇಜಿಗೆ ದುಡ್ಡು ಕೊಟ್ಟವರೆಲ್ಲ ಹಕ್ಕುದಾರರು. ಪಕ್ಕದ ಮೇಜಿನವರ ಕುಲಗೋತ್ರ ಅಲ್ಲಿ ಯಾರಿಗೂ ಬೇಡ, ಅವರು ತರಿಸಿಕೊಂಡ ಮೆಣಸಿನಕಾಯಿ ಬಜ್ಜಿ ಬಿಸಿಯಾಗಿದೆಯೇ ಎಂಬುದಷ್ಟೇ ಮುಖ್ಯ. ಹಳೆಯ ಬಯಲೂಟಕ್ಕಿಂತ ಹೊಸ ಬಯಲೂಟ ಮೇಲು ಎನ್ನಲು ಇದೊಂದೇ ಕಾರಣ ಸಾಕು.

ಹೊರಗೆ ಕೂರಿಸಿ ಬಡಿಸುವ ವಿದ್ಯೆ ಕನ್ನಡಿಗರಿಗೆ ಹೊಸದೂ ಅಲ್ಲ. ಉಡುಪಿ ಸೀಮೆಯ ಕಡಂದಲೆಯಿಂದ ಹೋದ ಕೃಷ್ಣರಾಯರು ಮದ್ರಾಸಿನಲ್ಲಿ 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಮರಗಳ ನೆರಳಿಗೆ ಕಾರು ನಿಲ್ಲಿಸಿದರೆ ದೋಸೆ, ಕಾಫಿ ಕಾರಿನ ಬಳಿಗೇ ಬರುತ್ತಿತ್ತು. ಮೂರು ತಲೆಮಾರಿನ ಕುಟುಂಬಗಳು ಅಲ್ಲಿ ಸಂಜೆ ಕಳೆದವು. 2008ರಲ್ಲಿ ಅದು ಮುಚ್ಚಿತು, ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಬೆಂಗಳೂರಿನ ಏರ್‌ಲೈನ್ಸ್ ಹೋಟೆಲಿನಲ್ಲಿ 1960ರ ದಶಕದಿಂದಲೂ ಆಲದ ಮರದ ಕೆಳಗೆ ಕೂತವರು ಒಂದು ಕಾಫಿಗೆ ಒಂದು ತಾಸು ಮಾತಾಡುತ್ತಾರೆ. ಕೋವಿಡ್ ಕಾಲದಲ್ಲಿ ಜಗತ್ತೇ ಬಯಲಿಗೆ ಬಂತು. 2020ರ ಜೂನ್‌ನಲ್ಲಿ ನ್ಯೂಯಾರ್ಕ್ ನಗರ ತನ್ನ ಪಾದಚಾರಿ ಮಾರ್ಗ, ರಸ್ತೆಯಂಚುಗಳನ್ನೇ ರೆಸ್ಟೋರೆಂಟುಗಳಿಗೆ ಬಿಟ್ಟುಕೊಟ್ಟಿತು. ಹತ್ತು ಸಾವಿರಕ್ಕೂ ಹೆಚ್ಚು ರೆಸ್ಟೋರೆಂಟುಗಳು ಮೇಜು-ಕುರ್ಚಿ ಹೊರಗೆ ಹಾಕಿದವು. ಕಾರು ನಿಲ್ಲಿಸುವ ಜಾಗದಲ್ಲಿ ಕುಟುಂಬವೊಂದು ಕೂತು ಉಣ್ಣಬಹುದು ಎಂಬುದು ಅಲ್ಲಿನವರಿಗೆ ರೋಗ ಬಂದ ಮೇಲೆ ಹೊಳೆಯಿತು.

ಅಷ್ಟು ದೂರ ಹೋಗುವುದೇ ಬೇಡ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಿ ನೋಡಬಹುದು. ಶ್ರೀ ಶಿವಕುಮಾರ ಕಲಾಸಂಘ 1987ರಲ್ಲಿ ಹುಟ್ಟಿದ್ದು ಇಲ್ಲಿ, 1997ರಿಂದ ನಾಡು ತಿರುಗುತ್ತಿರುವ ಶಿವಸಂಚಾರ ತಂಡ ಹೊರಡುವುದೂ ಇಲ್ಲಿಂದಲೇ. ಗ್ರೀಕ್ ಮಾದರಿಯ ಬಯಲು ರಂಗಮಂದಿರದಲ್ಲಿ ನವೆಂಬರ್ ತಿಂಗಳ ನಾಟಕೋತ್ಸವಕ್ಕೆ ಸುತ್ತಲ ಹಳ್ಳಿಗಳಿಂದ ಮನೆಮಂದಿಯೆಲ್ಲ ಬರುತ್ತಾರೆ. ಕಂಕುಳಲ್ಲಿ ಕೂಸು, ಹೆಗಲ ಮೇಲೆ ಟವೆಲು, ತಲೆಗೆ ಮಫ್ಲರು. ಪ್ರಸಾದ ಉಂಡು, ಕಲ್ಲಿನ ಮೆಟ್ಟಿಲ ಮೇಲೆ ಕೂತು ರಾತ್ರಿ ತಡವಾಗುವವರೆಗೆ ನಾಟಕ ನೋಡುತ್ತಾರೆ. ಹೆಂಗಸರೆಷ್ಟು, ಗಂಡಸರೆಷ್ಟು ಎಂದು ಎಣಿಸುವ ಯೋಚನೆಯೇ ಅಲ್ಲಿ ಬಾರದು. ಒಂದು ಪುಟ್ಟ ಹಳ್ಳಿಯಲ್ಲಿ ರಾತ್ರಿಯ ಬಯಲು ಎಲ್ಲರದಾಗಿರುವುದು ಸಾಧ್ಯವಾಗಿರುವಾಗ ತಾಲ್ಲೂಕು ಕೇಂದ್ರಗಳಲ್ಲಿ ಏಕಾಗದು? ಮಠದ ಶಿಸ್ತು ಪುರಸಭೆಗೆ ಬರದು ಎಂದು ನಗಬಹುದು. ಬೆಳಕು, ನೀರು, ಶೌಚಾಲಯ, ಗಲಾಟೆ ಮಾಡಿದರೆ ಕೇಳುವವರಿದ್ದಾರೆ ಎಂಬ ನಂಬಿಕೆ, ಇವಿಷ್ಟನ್ನು ಒದಗಿಸಲು ಸಂನ್ಯಾಸ ಬೇಕಿಲ್ಲ.

ಬಯಲುಸೀಮೆಯ ಹವೆಯೂ ಇದಕ್ಕೆ ಒದಗಿ ಬರುತ್ತದೆ. ರಾಜ್ಯದ ಮಳೆ ಕಡಿಮೆಯಿರುವ ಜಿಲ್ಲೆಗಳಲ್ಲಿ ಒಂದಾದ್ದರಿಂದ ವರ್ಷದ ಬಹುಪಾಲು ರಾತ್ರಿ ಆಕಾಶದ ಕೆಳಗೆ ಕೂರಬಹುದು. ತೊಂದರೆ ಕೊಡುವುದು ಗಾಳಿ. ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿದರೆ ಆಷಾಢದಲ್ಲಿ ಎಲೆಯ ಮೇಲಿನ ಹಪ್ಪಳ ಎಲ್ಲಿಗೆ ಹಾರೀತೆಂದು ಊಹಿಸಬಹುದು. ಅದಕ್ಕೆ ಗಾಳಿ ಬರುವ ಪಡುವಣ ದಿಕ್ಕಿಗೆ ಒಂದು ಮೋಟುಗೋಡೆ, ಬೇವು-ಹೊಂಗೆಯ ಸಾಲು ಬೇಕು. ಹೊಸದುರ್ಗದವರು ತೆಂಗಿನ ಮರದ ಕೆಳಗೆ ಮಾತ್ರ ಮೇಜು ಹಾಕದಿರಲಿ.

ಆಕ್ಷೇಪಗಳೂ ಇವೆ. ಪ್ಲಾಸ್ಟಿಕ್ ರಾಶಿ ಬೀಳುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ, ಆದರೂ ಗಾಡಿಗಳ ಸುತ್ತ ಬಿದ್ದಿರುತ್ತವೆ. ಮುತ್ತುಗದ ಎಲೆ ಹಚ್ಚಿ ಉಂಡ ಸೀಮೆಯಿದು. ತೊಳೆಯಲು ನೀರು ಕೊಟ್ಟರೆ ಸ್ಟೀಲ್ ತಟ್ಟೆಯೂ ಆದೀತು. ಮನೆಯೂಟವೇ ಮೇಲು ಎನ್ನುವ ಇನ್ನೊಂದು ಆಕ್ಷೇಪವನ್ನು ಮಾಡುವವರು ಸಾಮಾನ್ಯವಾಗಿ ಅಡುಗೆ ಮಾಡದವರು. ವಾರದ ಆರೂವರೆ ದಿನ ಒಲೆಯ ಮುಂದೆ ನಿಂತವಳನ್ನು ಕೇಳಿದರೆ ಉತ್ತರ ಬೇರೆ ಬರುತ್ತದೆ.

ವ್ಯಾಪಾರಿಗಳಿಗೂ ಅವರದೇ ಅಂಜಿಕೆಯಿದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಹಲವು ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿ ಅಂಟಿತ್ತು. ಲೆಕ್ಕಕ್ಕೆ ಸಿಕ್ಕರೆ ತೊಂದರೆ ಎಂಬ ಭಯವಿರುವವನು ಅಧಿಕೃತ ಜಾಗಕ್ಕೆ, ಅಧಿಕೃತ ಗುರುತಿನ ಚೀಟಿಗೆ ಕೈಚಾಚಲು ಹಿಂಜರಿಯುತ್ತಾನೆ. ತೆರಿಗೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಕೂತು ತಿಳಿಸುವ ಕೆಲಸ ನೋಟಿಸಿಗಿಂತ ಮೊದಲು ಆಗಬೇಕಿತ್ತು.

2024-25ರ ರಾಜ್ಯ ಬಜೆಟ್ಟಿನಲ್ಲಿ ಬೆಂಗಳೂರು ಮತ್ತು ಇತರ ಹತ್ತು ಮಹಾನಗರ ಪಾಲಿಕೆಗಳಲ್ಲಿ ರಾತ್ರಿ 1 ಗಂಟೆವರೆಗೆ ವ್ಯಾಪಾರಕ್ಕೆ ಅವಕಾಶ ಕೊಡುವ ಮಾತು ಬಂದಿತ್ತು. ನಗರಸಭೆ, ಪುರಸಭೆಗಳ ಊರುಗಳಿಗೆ ಅಷ್ಟು ಹೊತ್ತು ಬೇಕಿಲ್ಲ. ಇಲ್ಲಿನ ಮಕ್ಕಳಿಗೆ ಬೆಳಿಗ್ಗೆ ಶಾಲೆಯಿದೆ. ರಾತ್ರಿ ಹತ್ತರವರೆಗೆ ದೀಪ ಉರಿದು, ಪೊಲೀಸಿನವರು ಲಾಠಿ ಬಡಿಯುತ್ತ "ಮುಚ್ರಿ, ಮುಚ್ರಿ" ಎನ್ನದಿದ್ದರೆ ಅದೇ ದೊಡ್ಡ ಉಪಕಾರ.

ನಗರಸಭೆ, ಪುರಸಭೆಗಳು ಬಜೆಟ್ ಮಂಡಿಸುವ ಮುನ್ನ ಸಾರ್ವಜನಿಕರ ಸಲಹೆ ಕೇಳಲು ಸಭೆ ಕರೆಯುತ್ತವೆ. ಬೆರಳೆಣಿಕೆಯ ಜನ ಹೋಗಿ ಚರಂಡಿ, ಬೀದಿನಾಯಿ, ಕಸದ ಮಾತಾಡಿ ಚಹಾ ಕುಡಿದು ಬರುತ್ತಾರೆ. ನಾಲ್ಕೂ ಊರುಗಳ ಓದುಗರು ಈ ಸಲ ಆ ಸಭೆಗೆ ಹೋಗಲಿ, ಒಬ್ಬರೇ ಅಲ್ಲ, ಮನೆಯ ಹೆಂಗಸರನ್ನೂ ಕರೆದುಕೊಂಡು. ಪಟ್ಟಣ ವ್ಯಾಪಾರ ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ, ಗುರುತಿಸಿದ ವ್ಯಾಪಾರ ವಲಯ ಯಾವುದು, ಅಲ್ಲಿ ನಲ್ಲಿ, ದೀಪ, ಶೌಚಾಲಯಕ್ಕೆ ಎಷ್ಟು ಹಣ ಇಟ್ಟಿದ್ದೀರಿ ಎಂದು ಕೇಳಲಿ. ಬಾಯಿಮಾತಿನ ಉತ್ತರಕ್ಕೆ ಒಪ್ಪದೆ, ಬರವಣಿಗೆಯಲ್ಲಿ ಪಡೆದುಕೊಂಡು ಬರಲಿ.